ಖಾಲಿ ಚೀಟಿ

ಜನವರಿ 20, ಬೆಳಿಗ್ಗೆ

ಇವತ್ತೂ ನಾಲ್ಕು ಸಾಲು. ಫಿಸಿಯೋ ಹುಡುಗಿಯ ಅಪ್ಪಣೆ. ಲಕ್ವ ಹೊಡೆದ ಕೈಗೆ ಬರೆಯೋದೇ ಮದ್ದಂತೆ. ಏನು ಬರೀಲಿ ಅಂದರೆ, ಏನಾದರೂ ಬರೀರಿ, ಯಾರೂ ಓದಲ್ಲ ಅಂದಳು. ಗುಡಿಬಂಡೆ ಸ್ಕೂಲಲ್ಲಿ ನಾಲ್ಕನೇ ಕ್ಲಾಸಿಗೆ ಬಿಟ್ಟವಳು ನಾನು. ಆಗ ಬರಿ ಅಂತ ಹೊಡೆದರು. ಈಗ ಬರಿ ಅಂತ ಫೀಸು ತಗೋತಾರೆ.

ಬಲಗೈ ಹಂಗೇ ಇದೆ. ಮರಗಟ್ಟಿ. ಬೆರಳ ಸಂದಿಗೆ ಪೆನ್ನು ಸಿಗಿಸಿ ಹೇಗೋ ಗೀಚ್ತೀನಿ. ಚಿವುಟಿದರೆ ಬೇರೆ ಯಾರನ್ನೋ ಚಿವುಟಿದ ಹಾಗೆ. ಒಳಗೂ ಹೆಚ್ಚು ಕಮ್ಮಿ ಹಂಗೇ. ಹೊತ್ತಾದರೆ ಉಣ್ತೀನಿ, ಕತ್ತಲಾದರೆ ಮಲಗ್ತೀನಿ.

ಜನವರಿ 22

ಈ ಡೈರಿ ಮಗಳ ಕಾಲೇಜಿನದು. ಮೊದಲ ಹಾಳೆಯಲ್ಲಿ ಕರೆಸ್ಪಾಂಡೆಂಟ್ ಫೋಟೋ. ಕಾಲೇಜಿನ ಯಜಮಾನ. ಕೈ ಮುಗಿದು ನಗ್ತಾ ನಿಂತಿದ್ದಾನೆ, ಓಟು ಕೇಳೋಕೆ ಬಂದವನ ಹಾಗೆ.

ಶಿವಿ — ಶಿವಲಕ್ಷ್ಮಿ — ಅಲ್ಲಿ ಕನ್ನಡದ ಮೇಡಂ. ಹತ್ತು ವರ್ಷದ ಮೇಲಾಯಿತು. ಡಿಗ್ರಿ ಹುಡುಗರಿಗೆ ಹೇಳ್ತಾಳೆ. ಪರ್ಮನೆಂಟ್ ಇಲ್ಲ. ವರ್ಷ ವರ್ಷ ಜೂನ್ ಬಂದರೆ ಎದೆ ಹೊಡ್ಕೊಳ್ಳೋದು ಇದ್ದಿದ್ದೇ.

ಆಂಧ್ರದ ಈ ರಾಯದುರ್ಗಕ್ಕೆ ಬಂದು ಬಿದ್ದಿದ್ದೀನಿ, ಕೈ ಬರುವ ತನಕ ಅಂತ. ಮಗಳ ಮನೆಯ ಅನ್ನ. ಕೆಳಗೆ ಅಳಿಯ ಲೋಕನಾಥನ ಹೊಲಿಗೆ ಮಿಷನ್ನುಗಳು, ಇಡೀ ದಿನ ಜೀನ್ಸ್ ಪ್ಯಾಂಟು. ಚೆನ್ನಾಗಿದ್ದಾಗ ಬಂದರೆ ಪ್ಯಾಂಟಿನ ದಾರ ಕತ್ತರಿಸಿ ಕೊಡುತ್ತಿದ್ದೆ. ಕೆಲಸ ಮಾಡಿದರೆ ಮಗಳ ಮನೆಯ ತುತ್ತು ಗಂಟಲಲ್ಲಿ ನಿಲ್ಲಲ್ಲ. ಈಗ ನಿಲ್ಲುತ್ತೆ.

ಜನವರಿ 28, ಸಾಯಂಕಾಲ

"ಅವ್ವ, ನಮಗೆ ಟ್ರೈನಿಂಗ್ ಐತೆ," ಅಂದಳು ಶಿವಿ, ಚಪ್ಪಲಿ ಬಿಡುತ್ತಾ. "ಶನಿವಾರ ಶನಿವಾರ. ಹೈದರಾಬಾದಿಂದ ಒಬ್ರು ಬರ್ತಾರೆ. ಸ್ಟ್ರಾಟೆಜಿಕ್ ಥಿಂಕಿಂಗ್."

"ಹಂಗಂದ್ರೆ?"

"ದೂರ ನೋಡಿ ಯೋಚ್ನೆ ಮಾಡೋದು. ಐದು ವರ್ಷಕ್ಕೆ ಕಾಲೇಜು ಎಲ್ಲಿರ್ಬೇಕು, ಅದಕ್ಕೆ ಇವತ್ತು ಏನು ಹಿಡೀಬೇಕು, ಏನು ಬಿಡಬೇಕು."

"ಇಷ್ಟು ದಿನ ಯೋಚ್ನೆ ಮಾಡ್ದಲೇ ಪಾಠ ಹೇಳಿದ್ರಾ?"

"ನಮ್ಮನ್ನ ಯೋಚ್ನೆ ಮಾಡಿ ಅಂತ ಯಾರೂ ಕೇಳಿರ್ಲಿಲ್ಲ ಅವ್ವ."

ನಗುತ್ತಾ ಹೇಳಿದಳೋ ಇಲ್ಲವೋ... ನಾನು ಹೆಬ್ಬೆರಳು ಮಡಿಸುವುದರಲ್ಲಿದ್ದೆ.

ಫೆಬ್ರವರಿ 1

ಮೊದಲ ಟ್ರೈನಿಂಗ್ ಆಯಿತು. ಕಾಲೇಜು ಒಂದು ಪ್ರಾಣಿ ಆಗಿದ್ದರೆ ಯಾವ ಪ್ರಾಣಿ ಅಂತ ಕೇಳಿದನಂತೆ ಆ ಟ್ರೈನರಪ್ಪ. ಒಬ್ಬರು ಸಿಂಹ ಅಂದರಂತೆ, ಒಬ್ಬರು ಆನೆ. ಕಾಮರ್ಸಿನ ಗೋವರ್ಧನ್ ಸಾರ್ ಎದ್ದು "ಎಮ್ಮೆರಿ. ಹಾಲು ಒಬ್ರು ಕುಡೀತಾರ, ಸಗಣಿ ನಾವು ಬಳೀತೀವಿ" ಅಂದನಂತೆ. ಹಿಂದಿನ ಬೆಂಚಿನಲ್ಲಿ ಕರೆಸ್ಪಾಂಡೆಂಟ್ ಕೂತಿದ್ದ. ಗೋವರ್ಧನ್ ನೋಡಿರಲಿಲ್ಲ.

ಶಿವಿ ಹೊಟ್ಟೆ ಹಿಡ್ಕೊಂಡು ನಕ್ಕಳು ಹೇಳುವಾಗ. ಎಷ್ಟು ದಿನ ಆಗಿತ್ತು. ನಗು ಬರುತ್ತೇನೋ ಅಂತ ಕಾದೆ, ನನಗೆ ಬರಲಿಲ್ಲ. ಬಾಯಿ ಒಂದು ಕಡೆಗೆ ಎಳೆಯಿತು ಅಷ್ಟೆ.

ಫೆಬ್ರವರಿ 13

ಕೈ ನೋಯ್ತಿತ್ತು. ನೋಯ್ತಿತ್ತು ಅಂದರೆ ಒಳ್ಳೇದು ಅಂತಾಳೆ ಫಿಸಿಯೋ. ಅದಕ್ಕೇ ಬರೆದಿಲ್ಲ.

ಶಿವಿಗೆ ಹುಚ್ಚು ಹಿಡಿದಿದೆ. ಕಾಲೇಜು ಬಿಟ್ಟ ಮೇಲೆ ಗಂಡನ ಗಾಡಿ ಹತ್ತಿ ಬಳ್ಳಾರಿ ಗಡಿಯ ಊರುಗಳಿಗೆ ಹೋಗ್ತಾಳೆ, ಓಬಳಾಪುರದ ತನಕ. ಇಂಟರ್, ನಮ್ಮ ಕಡೆ ಪಿಯುಸಿ ಅಂತಾರಲ್ಲ, ಅದನ್ನ ಓದೋ ಮಕ್ಕಳ ಮನೆ ಬಾಗಿಲಿಗೆ. ಮುಂದೆ ಏನು ಓದ್ತೀರಿ, ಕನ್ನಡ ಯಾಕೆ ತಗೊಳ್ಳಲ್ಲ. ಆಮೇಲೆ ಇಲ್ಲಿ ಬಟ್ಟೆ ಯಜಮಾನರ ಹತ್ತಿರ. ರಾಯದುರ್ಗದ ಪ್ಯಾಂಟೆಲ್ಲಾ ಬಳ್ಳಾರಿಗೆ ಹೋಗುತ್ತೆ. ಎರಡೂ ಭಾಷೆ ನೆಟ್ಟಗೆ ಬರೆಯೋ ಹುಡುಗರು ಸಿಗಲ್ಲ ಅಂತಾರಂತೆ ಅವರು. ಅದೇ ಅವಳ ಪ್ಲಾನು. ಕನ್ನಡದ ಜೊತೆಗೆ ತೆಲುಗು, ಅಂಗಡಿ ಕಾಗದ ಪತ್ರ, ಅನುವಾದ. ಓದಿದವರಿಗೆ ಇಲ್ಲೇ ಕೆಲಸ.

ದೊಡ್ಡ ಚಾರ್ಟು ತಂದು ನೆಲಕ್ಕೆ ಹಾಸಿ ಬರೆದಳು. ಮೊಮ್ಮಗಳು ಶಿರಿಷಾ ಕೆಂಪು ಸ್ಕೆಚ್ಚಲ್ಲಿ ಹೆಸರು ತಿದ್ದಿದಳು. "ಅಮ್ಮಮ್ಮ, ಮೇಲೆ ಕಾಲಿಡಬೇಡ!" ಅಜ್ಜಿ ಅನ್ನು ಅಂದರೆ ಅನ್ನಲ್ಲ, ಅವಳಿಗೆ ತೆಲುಗೇ ಬೇಕು. ಲೋಕನಾಥ ಗೋಡೆಗೆ ಅಂಟಿಸಿ ದೂರ ನಿಂತು ನೋಡಿದ. "ಅತ್ತಿ, ನಿಮ್ಮ ಮಗಳು ಒಂದಿನ ಪ್ರಿನ್ಸಿಪಾಲ್ ಆಗ್ತಾಳ ನೋಡ್ರಿ."

"ಮೊದ್ಲು ಪರ್ಮನೆಂಟ್ ಆಗ್ಲಪ್ಪ," ಅಂದೆ.

ಫೆಬ್ರವರಿ 22, ರಾತ್ರಿ ಊಟ ಆದ ಮೇಲೆ

ಮುಂದಿನ ಶನಿವಾರ ಕೊನೇ ಟ್ರೈನಿಂಗ್. ಕರೆಸ್ಪಾಂಡೆಂಟ್ ಹೇಳಿದನಂತೆ — ವಿಭಾಗಕ್ಕೆ ಒಂದೊಂದು ಚೀಟಿ. ಕಾಲೇಜು ಮುಂದಕ್ಕೆ ಹೋಗಬೇಕಾದರೆ ಯಾವ ವಿಭಾಗ ಬಿಡಬೇಕು, ಬರೆದು ಡಬ್ಬಿಗೆ ಹಾಕಿ. ಯಾವುದಕ್ಕೆ ಹೆಚ್ಚು ಬೀಳುತ್ತೋ ಅದು ಜೂನಿಂದ ಬಂದ್. ಆಮೇಲೆ ಎಲ್ಲರ ಚಾರ್ಟು ನೋಡೋಣ.

"ಮುಚ್ಚೋದು ಮೊದ್ಲು, ನೋಡೋದು ಆಮೇಲಾ?" ಅಂದೆ.

ಶಿವಿ ತಟ್ಟೆ ಮುಂದೆ ಕೂತಿದ್ದಳು, ಕೈ ಹಾಕಿರಲಿಲ್ಲ. "ಎಲ್ರೂ ಕನ್ನಡ ಅಂತ ಬರೀತಾರೆ ಅವ್ವ. ಹುಡುಗ್ರು ಕಮ್ಮಿ ಇರೋದು ನಂದೇ."

ಆಗ ಹೇಳಿದೆ ಕೊಳಾಯಿ ಕಥೆ. ನಮ್ಮ ಬೀದಿಯಲ್ಲಿ ನೀರು ಮೇಲಕ್ಕೆ ಹತ್ತುತ್ತಿರಲಿಲ್ಲ. ನೀರು ಬಿಡೋನು ಬಂದು, ಒಂದು ಕೊಳಾಯಿ ಕಟ್ ಮಾಡಬೇಕು, ಯಾವುದು ನೀವೇ ಹೇಳ್ರಮ್ಮ ಅಂದ. ಒಬ್ಬರ ಮೇಲೊಬ್ಬರನ್ನ ಎತ್ತಿಕಟ್ಟಿ ತಾನು ಒಳ್ಳೆಯವನಾಗೋ ಆಟ. ನಾನು "ನಂದು ಕಿತ್ತಾಕಪ್ಪ" ಅಂದೆ. ಪಕ್ಕದ ಮನೆ ಎರ್ರಮ್ಮ "ಅವಳದ್ಯಾಕೆ, ನಂದು ಕೀಳು" ಅಂದಳು. ಆಮೇಲೆ ಬೀದಿಗೆ ಬೀದಿಯೇ ನಂದು ಕೀಳು, ನಂದು ಕೀಳು. ಯಾವುದನ್ನ ಕೀಳ್ತಾನೆ? ಕೊಳಾಯಿ ಬಿಚ್ಚೋ ಪಾನಾ ಹಿಡ್ಕೊಂಡು ಬಂದ ದಾರಿ ಹಿಡಿದ.

ಶಿವಿ ನನ್ನನ್ನೇ ನೋಡಿದಳು. "ಎಲ್ರೂ ಅವರವರ ವಿಭಾಗನೇ ಬರೆದ್ರೆ ಒಂದೊಂದಕ್ಕೆ ಒಂದೊಂದೇ ಚೀಟಿ ಬೀಳುತ್ತೆ... ಯಾವುದಕ್ಕೂ ಹೆಚ್ಚಿಲ್ಲ. ಮುಚ್ಚೋಕಾಗಲ್ಲ. ಅವ್ವ, ಇದೇ ಕಣೆ ಸ್ಟ್ರಾಟೆಜಿ!"

ಅನ್ನ ಕಲಸಿದಳು. ಎರಡು ಸಲ ಹಾಕಿಸಿಕೊಂಡಳು.

ಫೆಬ್ರವರಿ 26

ಗೋವರ್ಧನ್ ಸಾರ್ ಮನೆಗೆ ಬಂದಿದ್ದ. ಟೀ ಕುಡಿದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಪ್ಪಿದ್ದಾರಂತೆ. ಅವರವರದು ಅವರವರು.

"ಎಂಥಾ ತಲಿ ಅಮ್ಮಾರ ನಿಮ್ದು! ಆ ಟ್ರೈನರ್‌ನ ಕಳಿಸಿ ನಿಮ್ಮನ್ನ ಕೂಡಿಸ್ಬೇಕ್ರಿ ಅಲ್ಲಿ."

"ಎಮ್ಮೆ ಅಂದೋನು ನೀನೇನಪ್ಪಾ?"

"ಹೌದ್ರಿ. ಇನ್ನೂ ಆ ಸಗಣಿ ತೊಳೀಲಿಕ್ಕ ಹತ್ತೀನಿ."

ಒಳ್ಳೆಯ ಹುಡುಗ. ಲೋಟ ತಾನೇ ತೊಳೆದಿಟ್ಟು ಹೋದ.

ಮಾರ್ಚ್ 1, ಮಧ್ಯಾಹ್ನ

ರಾಗಿ ಕಾಳು ಒಂದೊಂದೇ ಎತ್ತಿ ಬಟ್ಟಲಿಗೆ ಹಾಕೋ ಕಸರತ್ತು. ಇವತ್ತು ಸುಮಾರು ಹಾಕಿದೆ. ಶಿವಿ ಬೆಳಿಗ್ಗೆ ಚಾರ್ಟು ಸುತ್ತಿ ರಬ್ಬರ್ ಹಾಕಿ ತಗೊಂಡು ಹೋದಳು. ಹೊಸ ಸೀರೆ. ಈಗ ಡಬ್ಬಿ ತೆಗೀತಿರಬೇಕು.

ಮಾರ್ಚ್ 1, ಸಾಯಂಕಾಲ

ಬಂದಳು. ಹೆಗಲ ಮೇಲೆ ಶಾಲು. ಒಂದು ಕಂಕುಳಲ್ಲಿ ಚಾರ್ಟು, ರಬ್ಬರ್ ಬಿಚ್ಚಿಲ್ಲ. ಕೈಯಲ್ಲಿ ಸರ್ಟಿಫಿಕೇಟ್.

ಲೋಕನಾಥ ಮಿಷನ್ ನಿಲ್ಲಿಸಿ ಮೇಲೆ ಬಂದ. "ಏನಾತು?"

"ಫಸ್ಟ್ ಪ್ರೈಜ್."

ಆಮೇಲೆ ಹೇಳಿದಳು, ಗೋಡೆಗೆ ಹೇಳಿದ ಹಾಗೆ. ಟ್ರೈನರ್ ಡಬ್ಬಿಯಿಂದ ಚೀಟಿ ಒಂದೊಂದೇ ತೆಗೆದ. ಖಾಲಿ. ಇನ್ನೊಂದು, ಖಾಲಿ. ಎಲ್ಲಾ ಖಾಲಿ. ಒಂದರಲ್ಲಿ ಮಾತ್ರ ಬರೆದಿತ್ತು — ಕನ್ನಡ. ಹೆಸರು ಬೇಡ ಅಂದಿದ್ದರು. ಹೆಸರು ಯಾಕೆ? ಆ ಸಭೆಯಲ್ಲಿ ಕನ್ನಡದಲ್ಲಿ ಬರೆಯುವವಳು ಇವಳೊಬ್ಬಳೇ. "ಸ್ವಂತ ವಿಭಾಗ ಬಿಡೋಕೆ ತಯಾರಾದ ಒಬ್ಬರಾದ್ರೂ ಇದ್ದಾರೆ, ಇದು ನಿಜವಾದ ಸ್ಟ್ರಾಟೆಜಿಕ್ ಥಿಂಕಿಂಗ್" ಅಂದನಂತೆ ಟ್ರೈನರ್. ಕರೆಸ್ಪಾಂಡೆಂಟ್ ಎದ್ದು ಬಂದು ಶಾಲು ಹೊದಿಸಿದ. ಮೊದಲು ಚಪ್ಪಾಳೆ ಹೊಡೆದವನು ಗೋವರ್ಧನ್. ಚಾರ್ಟು ನೋಡೋಕೆ ಹೊತ್ತಾಯಿತು ಅಂದರಂತೆ.

ಶಾಲು ಮಡಿಸಿ ನನ್ನ ಮಂಚದ ಮೇಲಿಟ್ಟಳು. "ನೀನು ಹೊದ್ಕೊ ಅವ್ವ."

ನಾನು ಅದನ್ನ ಕಾಲ ಕಡೆಗೆ ಸರಿಸಿದೆ.

ಮಾರ್ಚ್ 19

ಫಿಸಿಯೋ ಬೈದಳು, ಯಾಕೆ ಬರೆದಿಲ್ಲ ಅಂತ.

ಗೋವರ್ಧನ್ ಬಂದಿದ್ದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತ. ಶಿವಿ ಇರಲಿಲ್ಲ, ನಾನೇ ಇದ್ದೆ.

"ಬರೀಬೇಕಂತ ಪೆನ್ ಹಿಡಿದೆ ಅಮ್ಮಾರ. ನನ್ನ ಕೈಲಿ ನಂದೇ ವಿಭಾಗದ ಹೆಸ್ರು ಬರೀಲಿಕ್ಕ ಆಗ್ಲಿಲ್ಲರಿ. ಉಳಿದೋರೆಲ್ಲಾ ಬರೀತಾರ, ನಾನೊಬ್ಬ ಖಾಲಿ ಬಿಟ್ರ ಏನಾಗ್ತದ ಅಂದ್ಕೊಂಡೆ."

"ಎಲ್ರೂ ಅದನ್ನೇ ಅಂದ್ಕೊಂಡ್ರಾ?"

"ಹೌದ್ರಿ."

"ಚಪ್ಪಾಳೆ ಯಾಕೆ ಹೊಡ್ದೆ?"

ತಲೆ ತಗ್ಗಿಸಿದ. "ಕರೆಸ್ಪಾಂಡೆಂಟ್ ನನ್ನನ್ನೇ ನೋಡ್ತಿದ್ರು ರಿ."

ಹೋಗಪ್ಪ ಅಂದೆ.

ನಮ್ಮ ಬೀದಿಯಲ್ಲಿ ಎಲ್ಲರ ಕೈಯಲ್ಲೂ ಬಿಂದಿಗೆ ಇತ್ತು. ಮುಖಕ್ಕೆ ಮುಖ. ಎರ್ರಮ್ಮ ಅಂದದ್ದು ನನ್ನ ಕಿವಿಗೆ ಬಿತ್ತು, ನಾನು ಅಂದದ್ದು ಅವಳ ಕಿವಿಗೆ. ಕಾಲೇಜಲ್ಲಿ ಚೀಟಿ. ಮಡಿಸಿದ ಚೀಟಿ. ಅದನ್ನ ನಾನು ಯೋಚನೆ ಮಾಡಲಿಲ್ಲ. ಅವಳು ಹೇಳಿದ್ದಳು, ಚೀಟಿ ಅಂತ ಹೇಳಿಯೇ ಇದ್ದಳು.

ಮಾರ್ಚ್ 20

ಏನೂ ಇಲ್ಲ.

ಏಪ್ರಿಲ್ 9

ಜೂನಿಂದ ಕನ್ನಡ ಇಲ್ಲ. ನೋಟಿಸು ಹಾಕಿದರು. ಇರೋ ಹುಡುಗರು ತೆಲುಗೋ ಹಿಂದಿಯೋ ತಗೋಬೇಕು.

ಶಿವಿ ಅಳಲಿಲ್ಲ. ಹೆಸರುಬೇಳೆ ಆರಿಸಿದಳು. ಚಾರ್ಟು ಅಟ್ಟಕ್ಕೆ ಹೋಯಿತು. ಒಂದು ಮಾತು ನನ್ನನ್ನು ಅನ್ನಲಿಲ್ಲ ಇಷ್ಟು ದಿನ. ಅಂದಿದ್ದರೆ ತಿರುಗಿ ನಾಲ್ಕು ಅಂದು ಮುಗಿಸುತ್ತಿದ್ದೆ.

ಮೇ 5, ಬೆಳಿಗ್ಗೆ

ಕರೆಸ್ಪಾಂಡೆಂಟ್ ಕರೆಸಿದ್ದ. ಕೆಲಸ ಹೋಗಿಲ್ಲ. ಸ್ಟ್ರಾಟೆಜಿ ಸೆಲ್ ಅಂತ ಹೊಸದಾಗಿ ಮಾಡಿದ್ದಾರೆ, ಅದಕ್ಕೆ ಇವಳೇ ಕೋಆರ್ಡಿನೇಟರ್. ಪರ್ಮನೆಂಟ್. ಸ್ವಂತ ರೂಮು, ಫ್ಯಾನು. ಕೆಲಸ ಏನು? ಮುಂದೆ ಬಿಡೋ ವಿಭಾಗ ಯಾವುದು ಅಂತ ಚೀಟಿ ಬರೆಸೋದು. ಈ ಸಲ ಖಾಲಿ ಚೀಟಿ ಹಾಕಿದರೆ ಅವರದೇ ವಿಭಾಗ ಬರೆದ ಹಾಗೆ ಲೆಕ್ಕ.

"ಒಪ್ಕೊಂಡ್ಯಾ?"

"ಶಿರಿಷಾ ಇಂಟರ್‌ಗೆ ಬಂದ್ಲು ಅವ್ವ. ಮಿಷನ್ ಕೆಲ್ಸ ಒಂದಿನ ಐತೆ, ಒಂದಿನ ಇಲ್ಲ."

"ಒಪ್ಕೊಂಡ್ಯಾ ಅಂದೆ."

"ಹ್ಞೂಂ."

ಲೋಕನಾಥ ಸ್ವೀಟು ತಂದ. ತಿಂದೆ. ಸಿಹಿಯಾಗೇ ಇತ್ತು.

ಜೂನ್ 7

ಗೋವರ್ಧನ್ ಫೋನು ಮಾಡಿದ್ದ. ಮೊದಲೆಲ್ಲಾ "ಏನ್ರಿ ಶಿವಲಕ್ಷ್ಮಿ" ಅನ್ನೋನು. ಇವತ್ತು "ಮೇಡಂ, ಮೇಡಂ". ಮುಂದಿನ ಶನಿವಾರ ಚೀಟಿ. ಕಾಮರ್ಸಿಗೆ ಎಷ್ಟು ಬೀಳಬಹುದು ಅಂತ ಕೇಳಿದನಂತೆ. "ಗೊತ್ತಿಲ್ರಿ" ಅಂತ ಇಟ್ಟಳು. ದನಿಯಲ್ಲಿ ಏನೂ ಇರಲಿಲ್ಲ. ಆ ದನಿ ನನಗೆ ಗೊತ್ತು, ನನ್ನ ಬಲಗೈ ಥರದ್ದು.

ತಡಕೊಳ್ಳೋಕೆ ಆಗಲಿಲ್ಲ. "ಚೀಟಿ ಬ್ಯಾಡ ಕಣೆ. ಎದುರಾ ಬದುರಾ ಕೂರಿಸಿ ಬಾಯಲ್ಲಿ ಹೇಳ್ಸು. ಮುಖ ನೋಡ್ಕೊಂಡು ಯಾರೂ—"

"ಅವ್ವ," ಅಂದಳು. "ನಿನ್ನ ಐಡಿಯಾ ಒಂದು ಸಲ ಸಾಕು."

ಮೆಲ್ಲಗೆ ಅಂದಳು.

ಜೂನ್ 10

ಎಲ್ಲರೂ ಹೊರಗೆ ಹೋಗಿದ್ದಾಗ ಕೆಳಗೆ ಇಳಿದು ಒಂದು ಪ್ಯಾಂಟು ತಗೊಂಡೆ. ಕಟರ್ ಹಿಡಿದೆ, ಬಲಗೈಲಿ. ದಾರ ಕತ್ತರಿಸಿದೆ, ಒಂದು, ಇನ್ನೊಂದು. ನಡುಗಿತು, ಆದರೆ ಬಂತು. ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸಕ್ಕೆ ಹಚ್ತಾರೆ.

ಜೂನ್ 13, ಬೆಳಿಗ್ಗೆ

ಶಿವಿ ಅಟ್ಟದಿಂದ ಚಾರ್ಟು ಇಳಿಸಿದಳು. ದೂಳು ಕೊಡವಿ ನನ್ನ ಮುಂದೆ ಹಾಸಿದಳು, ಬರೆದ ಮುಖ ಕೆಳಗೆ. ಮೇಲೆ ಕತ್ತರಿ ಇಟ್ಟಳು.

"ನಾಳೆಗೆ ಚೀಟಿ ಬೇಕು ಅವ್ವ. ಇಷ್ಟಿಷ್ಟಗಲ ಕತ್ತರ್ಸಿ ಕೊಡು. ಹಿಂದೆಲ್ಲಾ ಖಾಲಿ ಐತೆ, ಸುಮ್ನೆ ಯಾಕೆ ಹೊಸ ಹಾಳೆ."

ಕೆಂಪು ಅಕ್ಷರ ಈ ಕಡೆಗೂ ಕಾಣ್ತಿತ್ತು, ಉಲ್ಟಾ.

"ಕೈ ಬರಲ್ಲ ಕಣೆ."

"ಮೊನ್ನೆ ಚಮಚ ಹಿಡ್ದಿದ್ದೆ?"

"ಇವತ್ತು ಜೋಮು."

ಕೂತು ನನ್ನ ಬೆರಳು ಹಿಡಿದಳು. ಮಡಿಸಿದಳು, ಬಿಡಿಸಿದಳು. ಅವಳು ಮಡಿಸಿದ ಹಂಗೆ ಮಡಿಸಿಕೊಂಡು ಸುಮ್ಮನಿದ್ದೆ. ಅವಳ ಕೈ ತಣ್ಣಗಿತ್ತು. ತಣ್ಣಗಿದ್ದದ್ದು ನನ್ನ ಬಲಗೈಗೆ ಗೊತ್ತಾಯಿತು.

"ಸರಿ ಬಿಡು, ಸಾಯಂಕಾಲ ನಾನೇ ಕತ್ತರಿಸ್ತೀನಿ," ಅಂತ ಸ್ನಾನಕ್ಕೆ ಹೋದಳು.

ಚಾರ್ಟು ಸುತ್ತಿದೆ. ಸುತ್ತೋಕೆ ಎರಡೂ ಕೈ ಬೇಕಾಯಿತು, ಎರಡೂ ಬಂದವು. ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಗೆ. ಮೇಲೆ ಆ ಶಾಲು. ನಾಳೆ ಹೊಸ ಹಾಳೆಯಲ್ಲೇ ಬರೆಸಲಿ, ಅದು ಅವಳ ಕೆಲಸ. ಇದು ಚೀಟಿ ಆಗೋದು ಬೇಡ. ಕೇಳಿದರೆ ಗೊತ್ತಿಲ್ಲ ಅಂತೀನಿ. ಕೈ ಬರದ ಮುದುಕಿ ಮೇಲೆ ಯಾರಿಗೂ ಅನುಮಾನ ಬರಲ್ಲ. ಅವರು ಐದು ವರ್ಷ ಮುಂದಕ್ಕೆ ನೋಡ್ತಾರಂತೆ, ನಾನು ಸಾಯಂಕಾಲದ ತನಕ ನೋಡಿದ್ದೀನಿ.

ಇನ್ನು ಈ ಬರೆಯೋದೂ ನಿಲ್ಲಬೇಕು. ಪೆನ್ ಹೀಗೆ ನೆಟ್ಟಗೆ ಹಿಡಿದದ್ದು ಕಂಡರೆ ಕೈ ಬಂದಿದೆ ಅಂತ— ಬಚ್ಚಲ ಚಿಲಕದ ಸದ್ದು