ಹದಿನೆಂಟು ಸೆಕೆಂಡುಗಳ ಹೊಣೆ

ರೋಸ್‌ವಿಗ್,
ಮೇ 4, 2011

ಪ್ರೀತಿಯ ಎಸ್ಬೆನ್,

1989ರ ಮಾರ್ಚ್ ಆರನೆಯ ತಾರೀಖು, ಸೋಮವಾರ, ನಿಮ್ಮ ಪ್ರಯೋಗಾಲಯ ಒಬ್ಬ ಪ್ರಾಮಾಣಿಕ ಮನುಷ್ಯನ ಮೇಲೆ ಸುಳ್ಳು ಹೊರಿಸಿತು. ಇಪ್ಪತ್ತೆರಡು ವರ್ಷಗಳ ಮೇಲೆ ಅದೇ ಸುಳ್ಳನ್ನು ಸುವರ್ಣ ಮಹೋತ್ಸವದ ಪುಸ್ತಕದಲ್ಲಿ ಮತ್ತೆ ಅಚ್ಚು ಹಾಕಿಸಲು ಹೊರಟಿದ್ದೀರಿ. ಸಂಪಾದಕನ ಜಾಗದಲ್ಲಿ ನಿನ್ನ ಹೆಸರಿದೆ.

ಕರಡು ಪ್ರತಿ ಬಂದು ಹನ್ನೊಂದು ದಿನವಾಯಿತು, ನಾನು ಉತ್ತರ ಬರೆಯಲಿಲ್ಲ. ಕ್ಷಮಿಸು. ಮಂಡಿನೋವು ಎಂದು ಫೋನಿನಲ್ಲಿ ಹೇಳಿದ್ದು ಅರ್ಧ ನಿಜ. ಉಳಿದರ್ಧ ಪುಟ ಎಂಬತ್ತೆಂಟು. "ತಂತ್ರಜ್ಞ ಆಸ್ಗರ್ ರವ್ನ್ ಕವಾಟವನ್ನು ಸರಿಯಾಗಿ ಮುಚ್ಚದ ಕಾರಣ ನ್ಯೂಟ್ರಾನ್ ಆಯುಸ್ಸಿನ ಅಳತೆ ಕೆಟ್ಟಿತು." ಅದರ ಕೆಳಗೆ ನಿನ್ನ ಅಪ್ಪನ ಭಾವಚಿತ್ರ, ಹೊಸ ಸಭಾಂಗಣಕ್ಕೆ ಅವರ ಹೆಸರಿಡುವ ಸುದ್ದಿ. ಎರಡನ್ನೂ ಒಂದೇ ಪುಟದಲ್ಲಿ ಓದಿ ನನಗೆ ತಿಂದದ್ದು ಮೈಗೆ ಹತ್ತಿಲ್ಲ.

ನನ್ನ ಮೊಮ್ಮಗಳು ಸೀಗ್ನೆಯ ಹಲ್ಲು ಬಿತ್ತಂತೆ. ಬಿದ್ದ ಹಲ್ಲನ್ನು ನನಗೆ ತೋರಿಸದೆ ಎಸೆಯಬಾರದು ಎಂದು ಹೇಳು.

ಈಗ ವಿಷಯ. ಆಗ ನೀನು ಹದಿಮೂರು ವರ್ಷದವನು, ನಮ್ಮ ಕೆಲಸದ ಬಗ್ಗೆ ನಿನಗಿದ್ದ ಆಸಕ್ತಿ ಮನೆಗೆ ತಡವಾಗಿ ಬರುತ್ತೇವೆ ಎನ್ನುವಷ್ಟೇ. ಇವತ್ತು ನೀನೇ ಆ ಉಪಕರಣಗಳ ಯಜಮಾನ, ಆದ್ದರಿಂದ ಪಾಠ ಹೇಳುವುದಿಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ನಿನ್ನ ಅಪ್ಪ, ನಾನು, ಆಸ್ಗರ್ 'ಬಾಟಲಿ' ಎನ್ನುತ್ತಿದ್ದದ್ದು ಆಳೆತ್ತರದ ತಾಮ್ರದ ಪಾತ್ರೆ. ಓಡಿ ಹಿಡಿಯಬಹುದಾದಷ್ಟು ನಿಧಾನದ ನ್ಯೂಟ್ರಾನ್‌ಗಳನ್ನು ಅದರಲ್ಲಿ ತುಂಬಿ, ಕವಾಟ ಮುಚ್ಚಿ, ಹೊತ್ತು ಕಳೆದ ಮೇಲೆ ಎಷ್ಟು ಉಳಿದಿವೆ ಎಂದು ಎಣಿಸುವುದು. ಒಂದೊಂದರ ಆಯುಸ್ಸು ಸರಾಸರಿ ಹದಿನೈದು ನಿಮಿಷಕ್ಕೆ ಸ್ವಲ್ಪ ಕಡಿಮೆ. ಎಷ್ಟು ಕಡಿಮೆ ಎನ್ನುವುದೇ ಪ್ರಶ್ನೆ. ಒಳಗೋಡೆಗೆ ಒಂದಿಷ್ಟು ಜಿಡ್ಡು ತಾಗಿದರೂ ಸಾಕು, ಅದರಲ್ಲಿರುವ ಹೈಡ್ರೋಜನ್ ನ್ಯೂಟ್ರಾನ್‌ಗಳ ವೇಗ ಹೆಚ್ಚಿಸಿ ಗೋಡೆಯಾಚೆಗೆ ಅಟ್ಟುತ್ತದೆ, ಅವು ಅವಧಿಗೆ ಮುಂಚೆಯೇ ಸತ್ತಂತೆ ಲೆಕ್ಕಕ್ಕೆ ಬರುತ್ತವೆ. ಅದಕ್ಕೇ ಬಾಟಲಿಯನ್ನು ತೆರೆದರೆ ಒಂಬತ್ತು ದಿನ ನಿರ್ವಾತದಲ್ಲಿ ಕಾಯಿಸಬೇಕಿತ್ತು. ಆ ಕೆಲಸ ಆಸ್ಗರನದು. ಪಂಪಿನ ಸದ್ದು ಕೇಳಿಯೇ ಒಳಗೆ ಎಷ್ಟು ಗಾಳಿ ಉಳಿದಿದೆ ಎಂದು ಹೇಳುತ್ತಿದ್ದ.

1988ರ ಸೆಪ್ಟೆಂಬರ್ ಹದಿನಾಲ್ಕು. ಮಂತ್ರಿಗಳು ಬಂದರು. ಮಧ್ಯಾಹ್ನದ ಊಟಕ್ಕೆ ಬೆಣ್ಣೆ ಹಚ್ಚಿದ ರೈ ರೊಟ್ಟಿ, ಉಪ್ಪುಮೀನು. ಊಟವಾದ ಮೇಲೆ ನಿನ್ನ ಅಪ್ಪ ಬಾಟಲಿ ತೆರೆಸಿದರು, ಫೋಟೋಗಾಗಿ. ಮಾತಿನ ಹುರುಪಿನಲ್ಲಿ ಕೈಗವಸು ಕಳಚಿ ಒಳಗೋಡೆಯ ಮೇಲೆ ಅಂಗೈ ಆಡಿಸಿದರು.

"ನೋಡಿ ಸರ್, ಮಗು ಕೆನ್ನೆ ಇದ್ದ ಹಾಗಿದೆ!"

ಆಸ್ಗರ್ ಏಣಿಯ ಮೇಲಿಂದಲೇ ಕೂಗಿದ: "ಪ್ರೊಫೆಸರ್ ಸಾಹೇಬ್ರೇ, ಕೈಗವಸು!"

"ಏನಯ್ಯಾ ಆಸ್ಗರ್, ನಾನೇನು ಕೈ ತೊಳೀದೇ ಬಂದಿದ್ದೀನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಸ್ಬೆನ್.

ಮಂತ್ರಿಗಳು ಹೋದ ಮೇಲೆ ಆಸ್ಗರ್ ಕೆಳಗಿಳಿದು ನಿನ್ನ ಅಪ್ಪನ ಬಳಿ ಬಂದ. "ಮತ್ತೆ ಒಂಬತ್ತು ದಿನ ಕಾಯಿಸ್ಬೇಕು."

"ಹುಚ್ಚಾ ನಿನಗೆ? ನಮಗೆ ರಿಯಾಕ್ಟರಿನ ನ್ಯೂಟ್ರಾನ್ ಕಿರಣ ಕೊಟ್ಟಿರೋದೇ ಇಪ್ಪತ್ತು ದಿನ. ಒಂಬತ್ತು ದಿನ ನಿನ್ನ ಒಲೆಗೇ ಹಾಕಿದ್ರೆ ಎಣಿಸೋದು ಯಾವಾಗ?"

"ಒಳಗೆ ನಿಮ್ಮ ಅಂಗೈ ಇದೆ."

"ಸ್ಪಿರಿಟ್ ಹಾಕಿ ಒರೆಸು. ಅಷ್ಟು ಸಾಕು."

ಒರೆಸಿದರೆ ಜಿಡ್ಡು ಹೋಗುವುದಿಲ್ಲ, ಹರಡುತ್ತದೆ. ಇದು ನಿಮ್ಮ ಮೊದಲ ವರ್ಷದ ಹುಡುಗರಿಗೂ ಗೊತ್ತು. ನಿನ್ನ ಅಪ್ಪನಿಗೂ ಗೊತ್ತಿತ್ತು.

ಡಿಸೆಂಬರಿನ ಸಮ್ಮೇಳನದಲ್ಲಿ ಅವರು ನಮ್ಮ ಫಲಿತಾಂಶ ಘೋಷಿಸಿದರು. ಬೇರೆ ಗುಂಪಿನವರ ಅಳತೆಗಿಂತ ಅದು ಹದಿನೆಂಟು ಸೆಕೆಂಡು ಕಡಿಮೆ. ಫೆಬ್ರವರಿ ಹೊತ್ತಿಗೆ ಇಡೀ ಯುರೋಪು ನಗುತ್ತಿತ್ತು. ಮಾರ್ಚ್ ಆರರಂದು ವಿಚಾರಣೆಗೆ ಮೂವರು ಹೊರಗಿನವರು ಬಂದು ಒಂದೇ ದಿನದಲ್ಲಿ ಮುಗಿಸಿದರು: ಕವಾಟದಲ್ಲಿ ಸಂದು ಉಳಿದಿತ್ತು, ತಪ್ಪು ರವ್ನ್‌ನದು. ಮರುವಾರವೇ ಅವನನ್ನು ರಿಯಾಕ್ಟರ್ ಹಾಲಿನಿಂದ ತೆಗೆದು ಗೇಟಿನ ಪಾಸು ಕೊಠಡಿಯಲ್ಲಿ ಕೂರಿಸಿದರು. ನಿವೃತ್ತಿಯವರೆಗೆ, ಒಂಬತ್ತು ವರ್ಷ, ಅವನು ಒಳಗೆ ಹೋಗುವವರಿಗೆ ಬಿಲ್ಲೆ ಕೊಡುತ್ತಿದ್ದ. ನಾನು ದಿನಾ ಬೆಳಿಗ್ಗೆ ಅವನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದೆ.

"ಅಮ್ಮಾ, ಅಪ್ಪ ಹೋಗಿ ಎರಡು ವರ್ಷ ಆಯ್ತು. ಈಗ ಸಾಕ್ಷಿ ಎಲ್ಲಿಂದ ತರ್ತೀಯ?" ಎಂದು ಫೋನಿನಲ್ಲಿ ಕೇಳಿದೆಯಲ್ಲ. ತಂದಿದ್ದೇನೆ. ಕಳೆದ ಗುರುವಾರ ನಿಮ್ಮ ದಾಖಲೆ ಕೋಣೆಗೆ ಹೋಗಿದ್ದೆ. ಅಲ್ಲಿದ್ದ ಹುಡುಗಿ, "ಅಜ್ಜೀ, ಇವು ಸಾರ್ವಜನಿಕರಿಗೆ ತೋರ್ಸೋದಲ್ಲ" ಎಂದಳು. "ಈ ಕೈಬರಹ ಅರ್ಧ ನಂದೇ ಕಣಮ್ಮ, ನನ್ನ ಅಕ್ಷರ ನಾನು ನೋಡ್ಕೊಳ್ಳೋಕೆ ಯಾರ ಅಪ್ಪಣೆ ಬೇಕು?" ಎಂದೆ. ಅವಳಿಗೆ ನಗು ಬಂತು, ತಂದುಕೊಟ್ಟಳು.

ಪಾಳಿ ಪುಸ್ತಕದ ಪುಟ 212 ತೆಗೆದು ನೋಡು. ಕವಾಟದ ಹಿಂದೆ ಒಂದು ಎಣಿಕೆಯಂತ್ರ ಇತ್ತು, ಬಾಟಲಿಯ ಸುತ್ತ ನಾಲ್ಕು. ಕವಾಟದಲ್ಲಿ ಸಂದಿದ್ದರೆ ಹಿಂದಿನದು ಚಟಪಟಗುಟ್ಟಬೇಕಿತ್ತು. ಇಪ್ಪತ್ತು ದಿನವೂ ಅದು ಸುಮ್ಮನಿತ್ತು. ಸುತ್ತಲಿನ ನಾಲ್ಕರಲ್ಲಿ ಮಾತ್ರ ಎಣಿಕೆ ಏರಿದೆ, ಅಂದರೆ ನ್ಯೂಟ್ರಾನ್‌ಗಳು ಆಚೆ ಹೋದದ್ದು ಜಿಡ್ಡು ತಾಗಿದ ಗೋಡೆಯಿಂದ. ಆ ಮೂವರು ಪಂಡಿತರು ಈ ಪುಟ ತಿರುಗಿಸಲಿಲ್ಲ. ತಿರುಗಿಸಿ ಎಂದು ನಿನ್ನ ಅಪ್ಪ ಹೇಳಲೂ ಇಲ್ಲ.

ಭಾನುವಾರ ಆಸ್ಗರನ ಮನೆಗೆ ಹೋದೆ. ದೋಣಿ ಬೋರಲು ಹಾಕಿ ಬಣ್ಣ ಹಚ್ಚುತ್ತಿದ್ದ. ಎಪ್ಪತ್ತೆಂಟಾದರೂ ಬಣ್ಣದ ಗೆರೆ ಆಚೀಚೆ ಹೋಗುವುದಿಲ್ಲ. ಪುಟ ಎಂಬತ್ತೆಂಟನ್ನು ಓದಿ ಹೇಳಿದೆ.

"ಬಿಡು ವಿಬೆಕೆ. ಇಂಥ ಪುಸ್ತಕ ಬರೆದವ್ರು ಬಿಟ್ರೆ ಬೇರೆ ಯಾರೂ ಓದಲ್ಲ."

"ನಿನಗೆ ಸಿಟ್ಟು ಬರಲ್ವೇನೋ?"

"ಬಂದಿತ್ತು. ಗೇಟಿನಲ್ಲೇ ಖರ್ಚಾಯ್ತು." ಕುಂಚ ಅದ್ದಿ, ಒಂದು ಹಲಗೆಗೆ ಪೂರ್ತಿ ಬಣ್ಣ ಬಳಿದ. "ಒಂದೇ ಒಂದು. ನನ್ನ ಮೊಮ್ಮಗಳು ಕೈಯಾ ಈ ಆಗಸ್ಟಿನಲ್ಲಿ ಅದೇ ರಿಯಾಕ್ಟರ್ ಹಾಲಿಗೆ ಕಲಿಯೋಕೆ ಬರ್ತಾಳೆ. ಬಂದವ್ರಿಗೆಲ್ಲ ಆ ಪುಸ್ತಕ ಕೊಡ್ತಾರಂತೆ. ಅವಳು ನನ್ನ ಕೇಳಿದ್ರೆ ಏನು ಹೇಳ್ಲಿ?"

ಪುಸ್ತಕ ಮುಂದಿನ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನೀನು ಆ ಪುಟ ತಿದ್ದಬೇಕು. ಅಪ್ಪನ ಹೆಸರು ಕೆಡುತ್ತದೆ ಎನ್ನುತ್ತೀಯ. ಅವರ ಒಳ್ಳೆಯ ಕೆಲಸ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂವತ್ತಾರು ವರ್ಷ ಅವರೊಂದಿಗೆ ಬಾಳಿದ್ದೇನೆ. ಆದರೆ ಇನ್ನೊಬ್ಬರ ಬೆನ್ನ ಮೇಲೆ ನಿಲ್ಲಿಸಿದ ಹೆಸರು ಸಭಾಂಗಣದ ಬಾಗಿಲಿಗೆ ಬೇಡ.

ಸೀಗ್ನೆಗೆ ನನ್ನ ಮುತ್ತು. ನೀನು ಹೊಟ್ಟೆ ತುಂಬ ಉಣ್ಣು, ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ಈ ಕಾಗದ ಓದಿದ ಮೇಲೂ ನನ್ನ ಮಗನಾಗಿಯೇ ಇರು. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಮ್ಮ,
ವಿಬೆಕೆ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಆ ಕವಾಟ ಮುಚ್ಚಿದವಳು ನಾನು. ನಮ್ಮ ಹಾಲಿನಲ್ಲಿ ಕೆಲಸ ಮಾಡಿದವರು ಸಹಿ ಹಾಕುವಂತಿರಲಿಲ್ಲ, ಪಕ್ಕದಲ್ಲಿ ನಿಂತು ನೋಡಿದವರು ಹಾಕಬೇಕಿತ್ತು. ನಾನು ಮುಚ್ಚಿದೆ, ಆಸ್ಗರ್ ಪರೀಕ್ಷಿಸಿ ಸಹಿ ಹಾಕಿದ. ಹೊರಗಿನವರಿಗೆ ಈ ಪದ್ಧತಿ ತಿಳಿಯದು. ಸಹಿ ಕಂಡು ಅವನೇ ಮುಚ್ಚಿದವನು ಎಂದುಕೊಂಡರು. ನಿನ್ನ ಅಪ್ಪ ತಿದ್ದಲಿಲ್ಲ. ತಿದ್ದಿದ್ದರೆ ಹೆಂಡತಿಯ ಹೆಸರು ಬರುತ್ತಿತ್ತು. "ಇದು ನಿಮ್ಮ ಸಹಿಯೇ?" ಎಂದು ಕೇಳಿದಾಗ ಆಸ್ಗರ್ ಒಮ್ಮೆ ನನ್ನ ಕಡೆ ನೋಡಿ, "ಹೌದು, ನಂದೇ" ಎಂದಷ್ಟೇ ಹೇಳಿದ. ನಾನು ಬಾಯಿ ತೆರೆಯುತ್ತೇನೆಂದು ಕಾದ. ಅವನ ಪಕ್ಕದ ಕುರ್ಚಿಯಲ್ಲೇ ಕೂತು ನಾನು ನೆಲ ನೋಡುತ್ತಿದ್ದೆ.

ಈ ಕಾಗದದ ನಕಲನ್ನು, ಈ ಕೊನೆಯ ಸಾಲುಗಳನ್ನೂ ಸೇರಿಸಿ, ಇವತ್ತೇ ಪತ್ರಿಕೆಗೂ ಕಳಿಸಿದ್ದೇನೆ. ಶನಿವಾರ ಬರುತ್ತದೆ. ಪ್ರಯೋಗಾಲಯ ತನ್ನ ಹೆಸರಿನಲ್ಲೇ, ಊರೆಲ್ಲ ಓದುವಂತೆ ಉತ್ತರಿಸಲಿ: ಸರಿಯಾಗಿ ಮುಚ್ಚಿದ್ದ ಕವಾಟಕ್ಕಾಗಿ, ಅದನ್ನು ಮುಚ್ಚಿದವನೇ ಅಲ್ಲದ ಮನುಷ್ಯನನ್ನು ಒಂಬತ್ತು ವರ್ಷ ಗೇಟಿನಲ್ಲಿ ಕೂರಿಸಿದ್ದು ಯಾವ ಆಧಾರದ ಮೇಲೆ?