ಸುರಂಗದ ಚಹಾಕ್ಕೆ ದುಡ್ಡು ಕೊಟ್ಟವಳು

ಬಾವಿಮೆಟ್ಟಿಲ ಓಣಿ, ಚೊಂಗ್‌ಚಿಂಗ್
6 ಆಗಸ್ಟ್ 2019

ನನ್ನ ಮುದ್ದು ಮಿನ್,

ಹೇಗಿದ್ದೀಯೇ? ಮಗುವಿನ ಬೆವರುಸಾಲೆ ಇಳಿಯಿತೇ? ಷಿಯಾಮೆನ್‌ನ ಕಡಲಗಾಳಿಗೆ ನಿನ್ನ ಕೆಮ್ಮು ಹೆಚ್ಚದಿರಲಿ. ಅತ್ತೆಮನೆಯ ಸಪ್ಪೆ ಅಡುಗೆ ತಿಂದು ಸೊರಗಬೇಡ, ಕಳಿಸಿದ ಖಾರದೆಣ್ಣೆ ಹಾಕಿಕೊಂಡು ಉಣ್ಣು. ಫೋನಿನಲ್ಲಾದರೆ ನೀನು ಅಳುತ್ತೀ, ನಾನು ಬೈಯುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ನಿಮ್ಮಪ್ಪನ ಎಡಗಣ್ಣು ಹೋಯಿತು. ತೆಗೆದವನು ಪಕ್ಕದ ಮನೆಯ ರಾನ್. ಬಾಂಬು ಬೀಳುತ್ತಿದ್ದ ಕಾಲದಲ್ಲಿ ಅಜ್ಜಂದಿರು ಕೊರೆದ ನಮ್ಮ ಸುರಂಗ, ಅದರೊಳಗಿನ ಪು ಅಜ್ಜನ ಚಹಾದಂಗಡಿ, ಬೇಸಿಗೆಯಲ್ಲಿ ನಾವೆಲ್ಲ ತಣ್ಣಗೆ ಕೂರುತ್ತಿದ್ದ ಜಾಗ, ಅದನ್ನೀಗ ಊರೂರಿನ ಹುಡುಗ ಹುಡುಗಿಯರು ಫೋನು ಹಿಡಿದು ಕಂಡುಹಿಡಿಯುತ್ತಿದ್ದಾರೆ! ಯಾರೂ ನೋಡದ ಚೊಂಗ್‌ಚಿಂಗ್ ಅಂತೆ. ನಾವೇನು ಯಾರೂ ಅಲ್ಲವೇ? ಅವರಿಗೆ ದಾರಿ ತೋರಿಸಿ ಕಾಸು ಮಾಡಲು ಹೊರಟ ರಾನ್ ನಮ್ಮ ಅಂಗಳದ ಗೋಡೆಗೆಲ್ಲ ಕೆಂಪು ಬಾಣ ಬರೆದ. ಒಬ್ಬಳಂತೂ ಹಗ್ಗದ ಮೇಲಿದ್ದ ನನ್ನ ಒಳಬಟ್ಟೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ನಿಮ್ಮಪ್ಪ ಬಾಣಗಳಿಗೆ ಸುಣ್ಣ ಬಳಿದರು. ರಾನ್ ಹೊರೆ ಹೊರುವ ಬಿದಿರುಗೋಲು ತಂದು ಮುಖಕ್ಕೇ ಬೀಸಿದ. ಸುಣ್ಣದ ಬಕೆಟ್ಟಿನೊಳಗೆ ರಕ್ತ ಸುರಿಯಿತು.

ಅವತ್ತಿನಿಂದ ನಿನ್ನ ತಮ್ಮ ಪಿಂಗ್ ಕತ್ತಿ ಮಸೆಯುತ್ತ ಕೂತ. "ಅವನ ಎರಡೂ ಕಣ್ಣು ಕೀಳ್ತೀನಿ ಅಮ್ಮಾ, ಬಡ್ಡಿ ಸಮೇತ" ಅನ್ನುತ್ತಿದ್ದ. ಗಂಡನ ಕಣ್ಣಂತೂ ಹೋಯಿತು, ಮಗನೂ ಜೈಲಿಗೆ ಹೋದರೆ ನಾನು ಯಾಕೆ ಬದುಕಿರಬೇಕು? ಪೊಲೀಸು ಕಚೇರಿ ಎಂದು ವರ್ಷಗಟ್ಟಲೆ ಕಾಯುವ ತಾಳ್ಮೆ ಅವನಿಗಿಲ್ಲ. ಅದಕ್ಕೆ ಪು ಅಜ್ಜನ ಕಾಲಿಗೆ ಬಿದ್ದು, ಹಳೆಯ ಕಾಲದ ಹಾಗೆ ಎರಡೂ ಮನೆಯವರನ್ನು ಚಹಾಕ್ಕೆ ಕೂರಿಸಿದೆ. ಹಿರಿಯರು ಯಾರ ತಪ್ಪೆಂದು ಹೇಳುತ್ತಾರೋ ಅವನು ಎದ್ದು ಅಂಗಡಿಯಲ್ಲಿದ್ದ ಎಲ್ಲರ ಚಹಾಕ್ಕೂ ದುಡ್ಡು ಕೊಡಬೇಕು. ಕೊಟ್ಟನೆಂದರೆ ತಪ್ಪೊಪ್ಪಿದ, ಮತ್ತೆ ಯಾರೂ ಕೈ ಎತ್ತುವಂತಿಲ್ಲ. ಪಿಂಗ್ ಕೂಡ ಹಲ್ಲು ಕಚ್ಚಿಕೊಂಡು ಒಪ್ಪಿದ.

ಮೊನ್ನೆ ಭಾನುವಾರ ಮಧ್ಯಾಹ್ನ ಕೂತೆವು. ಎಲ್ಲ ಕೇಳಿ ಪು ಅಜ್ಜ "ರಾನ್, ತಪ್ಪು ನಿಂದೇ ಕಣಪ್ಪ, ಎದ್ದು ಕೊಡು" ಅಂದರು. ಅವನು ಎದ್ದ, ಜೇಬಿಗೆ ಕೈಯನ್ನೂ ಹಾಕಿದ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆಗ ಬಂದಳು ನೋಡು, ಶಾಂಘೈನವಳಂತೆ, ಬಿಳಿ ಟೋಪಿ ಹಾಕಿಕೊಂಡು. "ಅಯ್ಯೋ, ಎಂಥಾ ಜಾಗ! ಅಜ್ಜಂದಿರಾ, ಇವತ್ತು ಎಲ್ಲರ ಚಹಾನೂ ನನ್ ಲೆಕ್ಕ!" ಎನ್ನುತ್ತ ದುಡ್ಡು ಕಟ್ಟಲು ಫೋನು ಹಿಡಿದೇಬಿಟ್ಟಳು. ಹಣ ಬಂತೆಂದು ಗಲ್ಲಾಪೆಟ್ಟಿಗೆಯ ಮೇಲಿನ ಯಂತ್ರ ಕೂಗಿತು. ವಾಪಸು ತಗೋ ತಾಯಿ ಎಂದು ಅಜ್ಜ ಬೇಡಿಕೊಂಡರು, ಅವಳು ಅದನ್ನು ಸಂಕೋಚವೆಂದುಕೊಂಡಳು. ರಾನ್ ಜೇಬಿನಿಂದ ಬರಿಗೈ ತೆಗೆದ. "ಕೊಟ್ಟೋರದ್ದೇ ತಪ್ಪು ತಾನೇ? ಹಾಗಾದ್ರೆ ಆ ಹುಡುಗೀನ ಕೇಳಿ. ನಿನ್ ಗಂಡನಿಗೆ ಇನ್ನೊಂದು ಕಣ್ಣಿದೆಯಲ್ಲ ಅಕ್ಕಾ, ಸುಧಾರಿಸ್ಕೋ" ಎಂದು ನಕ್ಕ.

ಪಿಂಗ್ ಮೇಜನ್ನೇ ಎತ್ತಿ ಎಸೆದ. ರಾನ್‌ನ ಅಣ್ಣನ ಮಕ್ಕಳು ಬೆಂಚು ಹಿಡಿದು ಬಂದರು. ಬಟ್ಟಲು ಒಡೆದವು, ಹಲ್ಲು ಒಡೆದವು, ಪು ಅಜ್ಜನ ತೋಳು ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬಿಳಿ ಟೋಪಿಯವಳು ನಾಟಕವೆಂದುಕೊಂಡು ಚಪ್ಪಾಳೆ ತಟ್ಟಿದಳು, ಒಂದು ಚೂರು ಹಣೆಗೆ ಬಿದ್ದ ಮೇಲೆಯೇ ಕಿರುಚಿದ್ದು. ಬೆಂಚು ತಗುಲಿ ದೀಪದ ತಂತಿ ಹರಿದು ಸುರಂಗವೆಲ್ಲ ಕತ್ತಲಾಯಿತು. ಫೋನುಗಳ ಬೆಳಕು ಹೊತ್ತಿಕೊಂಡಾಗ ರಾನ್ ನೆಲದ ಮೇಲಿದ್ದ, ತಲೆ ಬಿರಿದಿತ್ತು, ಮುಖದ ಚರ್ಮ ಬೆಂದು ಸುಲಿದಿತ್ತು. ಪಿಂಗ್‌ನ ಕೈಯಲ್ಲಿ ಚಹಾದ ತಾಮ್ರದ ಕೆಟಲ್ ಇತ್ತು. ಪೊಲೀಸರು ಬಂದು ಕೇಳಿದಾಗ "ನಾನೇ ಹೊಡ್ದೆ" ಅಂದ. ಕರೆದುಕೊಂಡು ಹೋದರು. ರಾನ್ ಇನ್ನೂ ಕಣ್ಣು ಬಿಟ್ಟಿಲ್ಲ. ಸತ್ತರೆ ಸಾಯಲಿ ಎಂದು ಬಾಯಿಗೆ ಬರುತ್ತದೆ, ಅವನು ಸತ್ತರೆ ಪಿಂಗ್‌ನ ಗತಿ ನೆನೆದು ಬಾಯಿ ಮುಚ್ಚಿಕೊಳ್ಳುತ್ತೇನೆ. ಬರುವ ಜನ ಈಗ ಇನ್ನೂ ಹೆಚ್ಚಿದ್ದಾರೆ. "ರಕ್ತದ ಕಲೆ ಎಲ್ಲಿದೆ ಆಂಟಿ?" ಎಂದು ನನ್ನನ್ನೇ ಕೇಳುತ್ತಾರೆ.

ನಿಮ್ಮಪ್ಪ ಮಗುವಿನ ಫೋಟೋವನ್ನು ಉಳಿದ ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರೆ, ಹೊಸದೊಂದು ಕಳಿಸು. ಅಳಿಯನಿಗೆ ನನ್ನ ನೆನಪು ಹೇಳು. ನಿನ್ನ ಮನೆಯಲ್ಲಿ ಯಾರ ಕೈಯೂ ಯಾರ ಮೇಲೂ ಏಳದೆ ಇರಲಿ, ಮಗಳೇ.

ನಿನ್ನ ಅಮ್ಮ,
ಮೌ ದೈಜೆನ್

ಮರೆತ ಮಾತು: ಅಂಚೆಡಬ್ಬಿಯ ಮುಂದೆ ನಿಂತು ಬರೆಯುತ್ತಿದ್ದೇನೆ. ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಕೆಟಲ್ ಬೀಸಿದವಳು ನಾನು. ಕತ್ತಲಲ್ಲೂ ರಾನ್ ನಗುತ್ತಿದ್ದ, ನಗು ಬಂದ ಕಡೆಗೆ ಬೀಸಿದೆ. ಪಿಂಗ್ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು "ಸುಮ್ನಿರಮ್ಮ" ಅಂದ. ನಿನ್ನೆ ಠಾಣೆಗೆ ಹೋಗಿ ಹೇಳಿದೆ, ಅವನು ನನ್ನ ಕಡೆ ನೋಡದೆ "ಅಮ್ಮಂಗೆ ತಲೆ ಕೆಟ್ಟಿದೆ, ಮನೆಗೆ ಕಳ್ಸಿ" ಅಂದ, ಅವರು ಅದನ್ನೇ ನಂಬಿದರು. ನನ್ನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದಿದೆ, ಅವನ ಕೈಯಲ್ಲಿ ಒಂದು ಬೊಬ್ಬೆಯೂ ಇಲ್ಲ. ಮುಲಾಮು ಹಚ್ಚದೆ ಸಾಕ್ಷಿಗೆಂದು ಇಟ್ಟುಕೊಂಡಿದ್ದೇನೆ. ಅವನು ಕೇಳುವುದು ನಿನ್ನ ಮಾತೊಂದೇ. ಈ ಗಾಯ ಮಾಯುವ ಮೊದಲು ಬಾ.