ಮಜ್ಜಿಗೆ ಕೊಟ್ಟ ಅಜ್ಜಿಯ ಅಡ್ಡಿಕೆ

ಕೊಪ್ಪ
೧೮-೪-೨೦೦೪, ಭಾನುವಾರ

ಸೀತೂರಿನ ಶೇಷಕ್ಕನಿಗೆ, ಸಿಟ್ಟು ಇನ್ನೂ ಇಳಿಯದ ತಂಗಿ ಜಲಜಳ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಮಂಡಿಯೊಂದನ್ನು ಬಿಟ್ಟು. ಒಂದೇ ತಿಂಗಳಲ್ಲಿ ಮೂರು ಸಲ ಬಸ್ಸು ಹತ್ತಿ ನಿನ್ನ ಮನೆಗೆ ಬಂದವಳ ಮಂಡಿ ಇನ್ನು ಹೇಗಿರಬೇಕು? ನಾನು ಕೇಳಿದ್ದು ಒಂದೇ: ನನ್ನ ಮಗಳು ನಯನಳ ಧಾರೆಗೆ ಅವಳ ಕತ್ತಿಗೆ ನಮ್ಮ ತವರಿನ ಕೆಂಪು ಕಲ್ಲಿನ ಅಡ್ಡಿಕೆ. ಮೊದಲ ಸಲ ಬೀಗದ ಕೈ ಕಾಣಲಿಲ್ಲ. ಎರಡನೇ ಸಲ ಬೀಗದ ಕೈ ಹೂವಪ್ಪ ಭಾವನ ಜೇಬಿನಲ್ಲಿ, ಭಾವ ಬಸರೀಕಟ್ಟೆಯಲ್ಲಿ. ಅಡ್ಡಿಕೆಗೆ ಎಷ್ಟೊಂದು ಅಡ್ಡಿ ಎಂದು ಪ್ರಾಸ ಹೊಳೆಯಿತು, ನಗು ಬರಲಿಲ್ಲ.

ಬೀಗರ ಮುಂದೆ ಅದರ ಕಥೆ ಕೊಚ್ಚಿಕೊಂಡವಳು ನಾನೇ, ಒಪ್ಪುತ್ತೇನೆ. ಕೆಳದಿಯ ಯಾವುದೋ ರಾಣಿ ಬಾಯಾರಿ ಬಂದಳಂತೆ, ನಮ್ಮ ಮನೆಯ ಯಾವುದೋ ಅಜ್ಜಿ ಒಂದು ಗಿಂಡಿ ಮಜ್ಜಿಗೆ ಕೊಟ್ಟಳಂತೆ, ರಾಣಿ ಕತ್ತಿನದನ್ನೇ ಬಿಚ್ಚಿ ಕೊಟ್ಟಳಂತೆ. ಅಂದಿನಿಂದ ಮನೆಯ ಹೆಣ್ಣುಮಕ್ಕಳು ಧಾರೆಗೆ ಅದನ್ನೇ ಹಾಕುವುದು, ಹಿರಿಮಗಳು ಕಾಯುವುದು. ನೀನು ಕಾದದ್ದು ಸ್ವಲ್ಪ ಹೆಚ್ಚೇ ಆಯಿತು. ನನ್ನ ಧಾರೆಗೂ ಇಲಿ ದಾರ ಕಡಿದಿದೆ ಅಂದಿದ್ದೆ ನೀನು. ನಾನೂ ಮತ್ತೆ ಕೇಳಲಿಲ್ಲ.

ಮೊನ್ನೆ ಗುರುವಾರ, ಮೂರನೇ ಸಲ, ನೀನು ಡಬ್ಬಿ ತೆರೆದೇಬಿಟ್ಟೆ. ನಡುವಿನ ಕೆಂಪು ಕಲ್ಲಿದ್ದ ಜಾಗದಲ್ಲಿ ಬರಿ ಗುಳಿ. "ನನ್ನ ಧಾರೆ ದಿನವೇ ಕಳ್ಕಂಡೆ ಮಾರಾಯ್ತಿ. ರಾಣಿ ಕಾಲದಿಂದ ಇದ್ದಿದ್ದು ನನ್ನ ಕುತ್ತಿಗೆಲೇ ಹೋಯ್ತು. ಅಮ್ಮಂಗೂ ಹೇಳಲಿಲ್ಲ" ಅಂದೆ. ಇಪ್ಪತ್ತೊಂಬತ್ತು ವರ್ಷ, ಅಕ್ಕ. ನಯನಳ ಮದುವೆಗೂ ಬರುವುದಿಲ್ಲ ಅಂದೆ. ಬಂದರೆ ಎಲ್ಲರೂ ಅಡ್ಡಿಕೆ ಎಲ್ಲಿ ಅಂತ ಕೇಳ್ತಾರೆ, ಎಂತ ಹೇಳಲಿ ಅಂದೆ.

ನಾನು ಆಗಲೇ ಏನಾದರೂ ಹೇಳಬೇಕಿತ್ತು. ಎರಡು ಕಡುಬು ಹೆಚ್ಚಿಗೆ ತಿಂದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಿ.ಎ.ಯಲ್ಲಿ ಕನ್ನಡಕ್ಕೆ ಮೊದಲ ದರ್ಜೆ ಬಂದವಳಿಗೆ ಒಂದು ವಾಕ್ಯಕ್ಕೆ ಬಾಯಿ ಬರಲಿಲ್ಲ. ಈ ಕಾಗದವನ್ನೂ ನಾಲ್ಕು ಸಲ ಹರಿದಿದ್ದೇನೆ.

ಅಡ್ಡಿಕೆ ಬರದಿದ್ದರೆ ಬೀಗರ ಮುಂದೆ ನನ್ನ ಮೂಗು ಹೋಗುತ್ತದೆ, ಹೋಗಲಿ, ಅದೇನು ಅಷ್ಟು ಚಂದದ ಮೂಗಲ್ಲ. ನೀನು ಬರದಿದ್ದರೆ ಧಾರೆಯ ಹೊತ್ತಿಗೆ ದೊಡ್ಡಮ್ಮನ ಜಾಗದಲ್ಲಿ ಯಾರನ್ನು ನಿಲ್ಲಿಸಲಿ? ಮೇ ಒಂಬತ್ತಕ್ಕೆ ಇನ್ನು ಮೂರೇ ವಾರ.

ಇಂತಿ,
ನಿನ್ನ ಹಳೇ ಲಂಗ ಉಟ್ಟು ಬೆಳೆದ ತಂಗಿ
ಜಲಜ

ತಾ.ಕ.: ಇದನ್ನು ಅಂಚೆಗೆ ಹಾಕದೆ ನಯನಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳ ಕೈಯಲ್ಲಿರುವ ಕುಂಕುಮದ ಭರಣಿಯೊಳಗೆ ಬೆರಳು ಹಾಕಿ ನೋಡು. ನಿನ್ನ ಧಾರೆಯ ಹಿಂದಿನ ದಿನ, ಅಡ್ಡಿಕೆ ಹೊಳೆಯಲಿ ಎಂದು ಅಂಟುವಾಳದ ನೀರಲ್ಲಿ ಕುದಿಸಿದವಳು ನಾನು. ಒಳಗಿನ ಅರಗು ಕರಗಿ ಕಲ್ಲು ಕಳಚಿತು. ಹೆದರಿ ಹಲಸಿನ ಮೇಣ ಹಚ್ಚಿ ಕೂರಿಸಿದೆ. ಮಾರನೆಯ ದಿನ ಚಪ್ಪರ ಗುಡಿಸುವಾಗ ಅಕ್ಷತೆಯ ನಡುವೆ ಸಿಕ್ಕಿತು, ಬಾಯಿ ಬಿಡಲಿಲ್ಲ. ಕರಗಿದ್ದು ಅರಗು, ಮರುಗಿದ್ದು ನೀನು. ಈ ಪ್ರಾಸ ನಾನು ಹುಡುಕಿದ್ದಲ್ಲ. ಮೂರು ಸಲ ಬಂದದ್ದೂ ಅಡ್ಡಿಕೆ ಒಯ್ದು, ಶೃಂಗೇರಿಯ ಅಕ್ಕಸಾಲಿ ಆಚಾರ್ರ ಹತ್ತಿರ ನಿನಗೂ ತಿಳಿಯದಂತೆ ಕಲ್ಲು ಕೂರಿಸಿಬಿಡೋಣ ಎಂದು. ಈಗ ನೀನೇ ಕೂರಿಸು. ಕೂತ ಮೇಲೆ ಮೊದಲು ನೀನು ಒಂದು ಸಲ ಹಾಕಿಕೊಂಡು ಕನ್ನಡಿ ನೋಡು, ಆಮೇಲೆ ನಯನಳಿಗೆ ಕೊಡು.